ಓದುಗರ ಪ್ರಶ್ನೆಗೆ ಉತ್ತರ: ಬ್ಯಾಡಗಿಯ ಖಾರಪುಡಿ ಕಡಲು ದಾಟುವ ಬಗೆ

ಪ್ರಶ್ನೆ: ನಮ್ಮದು ಹತ್ತು ಹೆಣ್ಣುಮಕ್ಕಳ ಸ್ವಸಹಾಯ ಸಂಘ. ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ ಮಾಡಿ ಹಾವೇರಿ, ಹುಬ್ಬಳ್ಳಿಗಳಲ್ಲಿ ಮಾರುತ್ತೇವೆ. ದುಬೈಯಲ್ಲಿರುವ ಪರಿಚಯದವರು ಅಲ್ಲಿಗೂ ಯುರೋಪಿಗೂ ಕಳಿಸಿರೆಂದು ಹೇಳುತ್ತಾರೆ. ಮಾಲು ಒಳ್ಳೆಯದಿದ್ದರೆ ಸಾಲದೇ?
– ಓದುಗರು, ಬ್ಯಾಡಗಿ ತಾಲ್ಲೂಕು

ಉತ್ತರ: ಸಾಲದು. ‘ಒಳ್ಳೆಯ ಮಾಲು’ ಎಂಬ ಮಾತಿಗೆ ಪೇಟೆಯಿಂದ ಪೇಟೆಗೆ ಅರ್ಥ ಬದಲಾಗುತ್ತದೆ. ಹುಬ್ಬಳ್ಳಿಯ ಗಿರಾಕಿ ಪುಡಿಯನ್ನು ಅಂಗೈಗೆ ಹಾಕಿಕೊಂಡು, ಬಣ್ಣ ನೋಡಿ, ಮೂಸಿ, ರೊಟ್ಟಿಯ ಜೊತೆಗಿನ ಚಟ್ನಿಗೆ ಒದಗೀತೇ ಎಂದು ತೀರ್ಮಾನಿಸುತ್ತಾರೆ. ಯುರೋಪಿನ ಆಮದುದಾರರು ಪುಡಿಗಿಂತ ಮೊದಲು ಪ್ರಯೋಗಾಲಯದ ವರದಿಯನ್ನು ಕೇಳುತ್ತಾರೆ. ಅವರಿಗೆ ಬಣ್ಣವನ್ನೂ ಅಂಕಿಯಲ್ಲೇ, ಅಂದರೆ ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ‘ಆಸ್ಟಾ’ ಅಳತೆಯಲ್ಲಿ, ಹೇಳಬೇಕಾಗುತ್ತದೆ. ಈ ಅಂಕಿಯಲ್ಲಿ ನಿಮಗೆ ಅನುಕೂಲವೇ ಇದೆ. ಕಡಿಮೆ ಖಾರ, ಗಾಢ ಕೆಂಪು ನಮ್ಮ ಬ್ಯಾಡಗಿಯ ‘ಡಬ್ಬಿ’ ತಳಿಯ ಕಾಯಿಯ ಹುಟ್ಟುಗುಣವಾದ್ದರಿಂದ, ಅದರಿಂದ ಒಲಿಯೋರೆಸಿನ್ ಎಂಬ ಸಾರವನ್ನು ತೆಗೆದು ಆಹಾರದ ಬಣ್ಣಕ್ಕೂ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ನೀವು ಖಾರವೆಂದು ಮಾರುವುದನ್ನು ಹೊರಗಿನ ಅನೇಕರು ಬಣ್ಣವೆಂದು ಕೊಳ್ಳುತ್ತಾರೆ.

ತೊಡಕು ಇರುವುದು ಶುದ್ಧತೆಯಲ್ಲಿ. ಒಣಗಿಸುವಾಗ ತೇವ ಉಳಿದರೆ ಕಾಯಿಗೆ ಬೂಸ್ಟು ಹಿಡಿಯುತ್ತದೆ, ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಐರೋಪ್ಯ ಒಕ್ಕೂಟವು ಮೆಣಸಿನಕಾಯಿಯಲ್ಲಿ ಕಿಲೋಗ್ರಾಮಿಗೆ ಒಟ್ಟು 10 ಮೈಕ್ರೋಗ್ರಾಂ ಮೀರಿದ ಅಫ್ಲಾಟಾಕ್ಸಿನ್ ಅನ್ನು ಒಪ್ಪುವುದಿಲ್ಲ. ಒಂದು ಟನ್ ಪುಡಿಗೆ ಬರೀ 10 ಮಿಲಿಗ್ರಾಂ ಎಂದರೆ ಈ ಮಿತಿ ಎಷ್ಟು ಬಿಗಿಯೆಂಬುದು ತಿಳಿದೀತು. ಕಾಯಿ ಮುರಿಯದಿರಲೆಂದು ನೀರು ಚಿಮುಕಿಸಿದ ಮಾಲನ್ನು ನೀವು ಪೇಟೆಯಲ್ಲಿ ಕೊಂಡರೆ, ನಿಮ್ಮ ಗಿರಣಿ ಎಷ್ಟೇ ಚೊಕ್ಕವಾಗಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ನಿಮ್ಮ ರಫ್ತು ಶುರುವಾಗುವುದು ರೈತರು ಕಾಯಿ ಒಣಗಿಸುವ ಕಣದಲ್ಲಿ ಎಂದು ತಿಳಿಯಿರಿ.

ಇನ್ನೊಂದು ಹಳೆಯ ಗಾಯವೂ ಇದೆ. 2003ರಲ್ಲಿ ಫ್ರಾನ್ಸ್‌ನಲ್ಲಿ, ಭಾರತದಿಂದ ಹೋದ ಖಾರಪುಡಿಯಲ್ಲಿ ಸುಡಾನ್–1 ಎಂಬ ಕೈಗಾರಿಕಾ ಬಣ್ಣ ಪತ್ತೆಯಾಯಿತು. 2005ರಲ್ಲಿ ಅದೇ ಬಣ್ಣ ಬೆರೆತ ಖಾರಪುಡಿಯಿಂದ ತಯಾರಾದ ಒಂದು ಸಾಸ್‌ನ ಕಾರಣಕ್ಕೆ ಬ್ರಿಟನ್ನಿನಲ್ಲಿ ನಾನೂರಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದರು. ಯಾರೋ ಮಾಡಿದ ಕಲಬೆರಕೆಗೆ ಇಂದು ಬಣ್ಣ ಬೆರೆಸದ ನೀವೂ ಪರೀಕ್ಷೆಯ ಖರ್ಚು ಕಟ್ಟಬೇಕಾಗಿರುವುದು ಅನ್ಯಾಯವೆನಿಸಬಹುದು. ಆದರೆ ಕೊಳ್ಳುವವರ ಭಯವೂ ಮಾರುಕಟ್ಟೆಯ ಒಂದು ಭಾಗವೇ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯನ್ನು, ಅಂದರೆ ಮಾಲು ಇಂಥ ಸೀಮೆಯದೇ ಎಂದು ಸಾರುವ ಜಿ.ಐ. ಗುರುತನ್ನು, ಪೊಟ್ಟಣದ ಮೇಲೆ ಮುದ್ರಿಸುವ ಆಸೆ ಸಹಜ. ಬಳಕೆದಾರರೆಂದು ಅಧಿಕೃತವಾಗಿ ನೋಂದಾಯಿಸಿಕೊಂಡ ಬಳಿಕ ಮುದ್ರಿಸಿರಿ. ಆದರೆ ಭಾರತದ ಆ ನೋಂದಣಿ ವಿದೇಶಗಳಲ್ಲಿ ತಾನಾಗಿ ರಕ್ಷಣೆ ಕೊಡದು. ಕಾಗದಪತ್ರಗಳ ವಿಷಯಕ್ಕೆ ಬಂದರೆ, ಆಮದು–ರಫ್ತು ಸಂಕೇತ ಸಂಖ್ಯೆ, ಮಸಾಲೆ ಮಂಡಳಿಯ ನೋಂದಣಿ, ಆಹಾರ ಸುರಕ್ಷತೆಯ ಪರವಾನಗಿ ಬೇಕು. ಸುಂಕದ ಪಟ್ಟಿಯಲ್ಲಿ ಇಡೀ ಒಣಕಾಯಿ 0904.21, ಪುಡಿ 0904.22 ಎಂಬುದನ್ನು ಅದಲುಬದಲು ಮಾಡಬೇಡಿ. ಮೊದಲ ವರ್ಷ ನೇರ ರಫ್ತಿಗೆ ಕೈಹಾಕದೆ, ಅನುಭವವಿರುವ ರಫ್ತುದಾರರಿಗೆ ಮಾಲು ಕೊಟ್ಟು ಅವರ ಮೂಲಕ ಕಳಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಲಾಭ ಕಡಿಮೆಯಾದರೂ, ಯಾವ ಪರೀಕ್ಷೆಯಲ್ಲಿ ಮಾಲು ಎಡವುತ್ತದೆಂಬುದು ಮನೆ ಒತ್ತೆ ಇಡುವ ಮೊದಲೇ ತಿಳಿಯುತ್ತದೆ. ಭಾರತೀಯ ಕುಟುಂಬಗಳು ಬಹಳವಿರುವ ದುಬೈಯಿಂದ ಆರಂಭಿಸಿರಿ. ಅರಬ್ಬಿ ಭಾಷೆಯ ಲೇಬಲ್ ಮಾತ್ರ ಮರೆಯಬೇಡಿರಿ.

ಪ್ರಶ್ನೆ: ರಾಜಕೀಯ, ಆರ್ಥಿಕ, ಕಾನೂನು, ಸಂಸ್ಕೃತಿ ಎಂದು ಅಂತರರಾಷ್ಟ್ರೀಯ ವ್ಯಾಪಾರದ ಪರಿಸರವನ್ನು ಪಠ್ಯದಲ್ಲಿ ವಿಂಗಡಿಸಿದ್ದಾರೆ. ಇವು ನಿಜವಾಗಿ ಬೇರೆ ಬೇರೆಯೇ? ರಫ್ತಿಗೂ ಜಾಗತಿಕ ಮಾರುಕಟ್ಟೆಗಾರಿಕೆಗೂ ಏನು ಅಂತರ?
– ಬಿ.ಕಾಂ. ವಿದ್ಯಾರ್ಥಿ, ಗದಗ

ಉತ್ತರ: ಪರೀಕ್ಷೆಯಲ್ಲಿ ಬೇರೆ ಬೇರೆಯಾಗಿಯೇ ಬರೆಯಿರಿ. ವ್ಯಾಪಾರದಲ್ಲಿ ಅವು ಒಂದರ ಬಾಲವನ್ನೊಂದು ಹಿಡಿದುಕೊಂಡು ಬರುತ್ತವೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನಿನ ಹೂಥಿ ಬಂಡುಕೋರರಿಂದ ದಾಳಿಗಳಾದವು, ಇದು ರಾಜಕೀಯ. ಅನೇಕ ಹಡಗು ಕಂಪನಿಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ತುದಿಯನ್ನು ಬಳಸಿ ಯುರೋಪಿಗೆ ಹೋಗತೊಡಗಿದ್ದರಿಂದ ಹತ್ತು ದಿನಕ್ಕೂ ಹೆಚ್ಚು ಕಾಲ ಸೇರಿ, ಸಾಗಣೆ ದರವೂ ಏರಿತು, ಇದು ಆರ್ಥಿಕ. ಹೆಚ್ಚಿನ ದಿನಗಳನ್ನು ಮುಚ್ಚಿದ ಕಂಟೇನರಿನಲ್ಲಿ ಕಳೆಯುವ ಮೆಣಸಿನಕಾಯಿ ಬೆವರುತ್ತದೆ, ಬೂಸ್ಟಿನ ಅಪಾಯ ಹೆಚ್ಚುತ್ತದೆ, ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಮಾದರಿ ತೆಗೆದಾಗ ಮೇಲೆ ಹೇಳಿದ ಆ 10 ಮೈಕ್ರೋಗ್ರಾಮಿನ ಮಿತಿ ಎದುರಾಗುತ್ತದೆ, ಇದು ಕಾನೂನು. ಹೀಗೆ ಯೆಮೆನ್ ಕರಾವಳಿಯ ಒಂದು ಕ್ಷಿಪಣಿಯ ಲೆಕ್ಕವನ್ನು ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿಯೂ ಬರೆಯಬೇಕಾಗುತ್ತದೆ.

ಎರಡನೆಯ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಇಲ್ಲಿ ಆದದ್ದನ್ನು ಅಲ್ಲಿ ಮಾರುವುದು ರಫ್ತು. ಅಲ್ಲಿನ ಬದುಕನ್ನು ನೋಡಿ ಮಾಲನ್ನೂ ಬೆಲೆಯನ್ನೂ ಹಂಚಿಕೆಯನ್ನೂ ರೂಪಿಸುವುದು ಮಾರುಕಟ್ಟೆಗಾರಿಕೆ. ಗೋಮಾಂಸದ ಬರ್ಗರಿನಿಂದಲೇ ಹೆಸರಾದ ಮೆಕ್‌ಡೊನಾಲ್ಡ್ಸ್, 1996ರಲ್ಲಿ ಭಾರತಕ್ಕೆ ಬಂದಾಗ ಗೋಮಾಂಸವನ್ನೂ ಹಂದಿಮಾಂಸವನ್ನೂ ಬಿಟ್ಟು, ಸಸ್ಯಾಹಾರಕ್ಕೆ ಬೇರೆ ಅಡುಗೆ ವ್ಯವಸ್ಥೆ ಮಾಡಿಕೊಂಡಿತು; ನಿಮ್ಮ ಪಠ್ಯದ ‘ಸಂಸ್ಕೃತಿ’ ಇದೇ. ಹೆಸರು, ಫಲಕ, ಸೇವೆಯ ಕ್ರಮಗಳನ್ನು ಬದಲಿಸಲಿಲ್ಲ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಈ ಆಯ್ಕೆಯೇ ನಿಮ್ಮ ವಿಷಯದ ತಿರುಳು.

ಪ್ರಶ್ನೆ: ಸಿ.ಐ.ಎಫ್. (ಹಡಗು ಬಾಡಿಗೆ, ವಿಮೆ ಸೇರಿದ) ದರ ಕೊಟ್ಟರೆ ಮಾಲು ಅಲ್ಲಿನ ಬಂದರು ಮುಟ್ಟುವವರೆಗೆ ಅಪಾಯವೂ ನನ್ನದೇ ಅಲ್ಲವೇ?
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಅಲ್ಲ; ಇದು ಬಹಳ ಮಂದಿ ತಪ್ಪು ತಿಳಿದಿರುವ ಸಂಗತಿ. ಎಫ್.ಒ.ಬಿ. ಎಂಬ ಇನ್ನೊಂದು ಷರತ್ತಿನಲ್ಲಿ ಮಾಲನ್ನು ಹಡಗಿಗೆ ಏರಿಸುವವರೆಗಿನ ಖರ್ಚು ನಿಮ್ಮದು; ಸಿ.ಐ.ಎಫ್.ನಲ್ಲಿ ಅಲ್ಲಿನ ಬಂದರಿನವರೆಗಿನ ಬಾಡಿಗೆಯೂ ವಿಮೆಯೂ ನಿಮ್ಮವು. ಆದರೆ ಹಾನಿಯ ಹೊಣೆ ಎರಡರಲ್ಲಿಯೂ ಮಾಲು ಹಡಗೇರಿದಾಗಲೇ ಕೊಳ್ಳುವವರಿಗೆ ದಾಟುತ್ತದೆ. ಕಂಟೇನರನ್ನು ನೀವು ಬಂದರಿನ ಅಂಗಳದಲ್ಲಿಯೇ ಒಪ್ಪಿಸಿಬಿಡುವುದರಿಂದ, ಅಂಥ ಮಾಲಿಗೆ, ಸಾಗಣೆದಾರರಿಗೆ ಒಪ್ಪಿಸಿದಾಗಲೇ ಹೊಣೆ ದಾಟುವ ಎಫ್.ಸಿ.ಎ. ಅಥವಾ (ಬಾಡಿಗೆ, ವಿಮೆಯೂ ನಿಮ್ಮವಾಗುವ) ಸಿ.ಐ.ಪಿ. ಷರತ್ತು ಹೆಚ್ಚು ಹೊಂದುತ್ತದೆ. ಹಣವನ್ನು ಲೆಟರ್ ಆಫ್ ಕ್ರೆಡಿಟ್, ಅಂದರೆ ಕೊಳ್ಳುವವರ ಬ್ಯಾಂಕು ಹಣ ಕೊಡುವ ಭರವಸೆಯ ಪತ್ರದ, ಮೂಲಕ ಪಡೆಯುವುದಾದರೆ ಬ್ಯಾಂಕು ಮಾಲನ್ನು ನೋಡುವುದಿಲ್ಲ, ಕಾಗದಗಳನ್ನು ಮಾತ್ರ ನೋಡುತ್ತದೆ. ತೂಕದ ಅಂಕಿ ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ ಇದ್ದರೆ ಹಣ ತಡೆಯುವುದಕ್ಕೆ ಅದೇ ಸಾಕು. ಸಾಲದ ಮೇಲೆ ಕಳಿಸುವವರು, 1957ರಿಂದ ಈ ಕೆಲಸ ಮಾಡುತ್ತಿರುವ ಸರ್ಕಾರಿ ಸಂಸ್ಥೆ ಇ.ಸಿ.ಜಿ.ಸಿ.ಯಿಂದ ಹಣ ಬಾರದಿದ್ದರೆ ಎಂಬುದಕ್ಕೆ ವಿಮೆ ಮಾಡಿಸಬಹುದು. ಆ ವಿಮೆಯ ಕಂತನ್ನು ದರ ಹೇಳುವ ಮೊದಲೇ ದರದೊಳಗೆ ಸೇರಿಸಿರಿ.