ಅವಳು ಕೇಳಿದಳು, ನಾನು ಮಾತು ಮರೆಸಿದೆ

ಪ್ರಶ್ನೆ: ನಾನು ಕ್ರೈಸ್ತಳು. ಹೋದ ವರ್ಷ ಅಮ್ಮ ತೀರಿಕೊಂಡರು. ಈಗ ನನ್ನ ಸಹೋದ್ಯೋಗಿಯ ತಂದೆ ಐಸಿಯುನಲ್ಲಿದ್ದಾರೆ. ಮೊನ್ನೆ ಅವಳು, ‘ಅಮ್ಮ ಹೋದಾಗ ಹೇಗೆ ತಡ್ಕೊಂಡೆ?’ ಎಂದು ಕೇಳಿದಳು. ‘ಪ್ರಾರ್ಥನೆಯಿಂದ’ ಎನ್ನಲು ಬಾಯೇ ಬರಲಿಲ್ಲ. ‘ದಿನ ಕಳೆದ ಹಾಗೆ ಸರಿಹೋಗುತ್ತೆ’ ಎಂದುಬಿಟ್ಟೆ. ಮತಾಂತರ ಮಾಡಲು ಬಂದಳು ಅಂದುಕೊಂಡರೆ? ಏನಾದರೂ ಕೇಳಿ ಉತ್ತರ ಗೊತ್ತಿಲ್ಲದಿದ್ದರೆ? ಭಾನುವಾರ ಆರಾಧನೆಯಲ್ಲಿ, ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನೇ ನಾನು ಅನ್ನಿಸಿ ಹಾಡಲಾಗಲಿಲ್ಲ.

ಉತ್ತರ: ತಂಗೀ, ಪೇತ್ರನ ಹೆಸರು ಎತ್ತಿದ್ದೀರಿ, ಅಲ್ಲಿಂದಲೇ ಶುರುಮಾಡೋಣ. ಒಬ್ಬ ದಾಸಿಯ ಮುಂದೆ ನಾಲಿಗೆ ಕಳೆದುಕೊಂಡ ಅದೇ ಪೇತ್ರನ ಪತ್ರದಲ್ಲಿ, ಬೈಬಲಿನಲ್ಲಿ, ಒಂದು ಮಾತಿದೆ (1 ಪೇತ್ರ 3:15): ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ ಹೇಳಿ. ‘ಕೇಳುವವರಿಗೆ’ ಎನ್ನುವುದನ್ನು ಗಮನಿಸಿ. ನಿಮ್ಮ ಗೆಳತಿ ಕೇಳಿದ್ದಾಳೆ. ನೀವಾಗಿ ಯಾರ ಮೇಲೂ ಏನನ್ನೂ ಹೇರಲು ಹೋಗಿಲ್ಲ.

ಉತ್ತರ ಗೊತ್ತಿಲ್ಲದಿದ್ದರೆ ಎಂಬ ಭಯಕ್ಕೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಓದಿ. ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನನ್ನು ಫರಿಸಾಯರು ಎಂಬ ಯೆಹೂದಿ ಧರ್ಮಮುಖಂಡರು ಎರಡೆರಡು ಸಲ ಕರೆಸಿ, ನಿನ್ನನ್ನು ವಾಸಿಮಾಡಿದವನು ಪಾಪಿ ಎಂದು ಒತ್ತಾಯಿಸುತ್ತಾರೆ. ಅವನು ಮೊದಲಿಗೆ ವಾದಕ್ಕಿಳಿಯುವುದಿಲ್ಲ. ಅದು ನನಗೆ ಗೊತ್ತಿಲ್ಲ, ಒಂದು ಬಲ್ಲೆ: ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತದೆ ಎನ್ನುತ್ತಾನೆ. ನೀವು ಬಲ್ಲ ಆ ‘ಒಂದು’ ಯಾವುದು? ಅಮ್ಮ ಹೋದ ರಾತ್ರಿ ಬೈಬಲಿನ ಯಾವ ಕೀರ್ತನೆ ತೆರೆದಿರಿ, ಯಾವ ಸಾಲಿಗೆ ಬಂದಾಗ ಕಟ್ಟಿಕೊಂಡಿದ್ದ ಅಳು ಹೊರಬಂತು? ಅಷ್ಟನ್ನೇ ಹೇಳಿ. ಸುವಾರ್ತೆ ಸಾರುವುದೆಂದರೆ ಪ್ರಸಂಗ ಮಾಡುವುದು ಎಂದು ನಮ್ಮ ಸಭೆಗಳಲ್ಲಿ ಎಷ್ಟೋ ಜನರನ್ನು ಹೆದರಿಸಿಬಿಟ್ಟಿದ್ದೇವೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಮತಾಂತರದ ಅನುಮಾನ ಬಂದೀತೆಂಬ ನಿಮ್ಮ ಅಳುಕನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಅದನ್ನು ಪೂರ್ತಿ ಕಳೆದುಕೊಳ್ಳಲೂ ಬೇಡಿ. ತಂದೆಯ ಉಸಿರು ಎಣಿಸುತ್ತಾ ಕೂತವಳು ಯಾವ ಮಾತಿಗೂ ಜೋತುಬೀಳುವ ಸ್ಥಿತಿಯಲ್ಲಿರುತ್ತಾಳೆ. ‘ಯೇಸುವನ್ನು ನಂಬು, ಅಪ್ಪ ಎದ್ದು ಬರುತ್ತಾರೆ’ ಎಂದು ಯಾವ ಕಾರಣಕ್ಕೂ ಹೇಳಬಾರದು. ನಿಮ್ಮ ಅಮ್ಮನಿಗಾಗಿಯೂ ಪ್ರಾರ್ಥಿಸಿದ್ದಿರಿ, ಅವರು ಉಳಿಯಲಿಲ್ಲ. ಆದರೂ ನೀವು ಒಂಟಿಯಾಗಲಿಲ್ಲ ಎಂಬುದೇ ಅಲ್ಲವೇ ನಿಮ್ಮ ಸಾಕ್ಷಿ?

‘ನಿಮ್ಮ ಅಪ್ಪನಿಗಾಗಿ ಪ್ರಾರ್ಥಿಸಲಾ?’ ಎಂದು ಒಮ್ಮೆ ಕೇಳಿ. ಬೇಡವೆಂದರೆ ಅಲ್ಲಿಗೇ ಬಿಡಿ, ಮುಖ ಸಣ್ಣದು ಮಾಡಿಕೊಳ್ಳದೆ ಐಸಿಯು ಹೊರಗಿನ ಕುರ್ಚಿಯಲ್ಲಿ ಅವಳ ಪಕ್ಕ ಕೂತಿರಿ. ಅವಳು ನಂಬಿದರೂ ನಂಬದಿದ್ದರೂ ನೀವು ಅವಳ ಗೆಳತಿಯೇ.

ದನಿ ನಡುಗೀತು, ನಡುಗಲಿ. ಸುವಾರ್ತೆ ಸಾರಲು ಕೊರಿಂಥ ಪಟ್ಟಣಕ್ಕೆ ಬಂದಾಗ ತಾನೂ ಬಹಳ ನಡುಗುತ್ತಿದ್ದೆ ಎಂದು ಅಪೊಸ್ತಲ ಪೌಲನೇ ಬರೆದಿದ್ದಾನೆ. ನಾಳೆ ಅವಳು ಸಿಕ್ಕಾಗ ಇಷ್ಟರಿಂದ ಶುರುಮಾಡಿ: ‘ಮೊನ್ನೆ ನೀನು ಒಂದು ಮಾತು ಕೇಳಿದ್ದೆ, ನಾನು ನಿಜ ಹೇಳಲಿಲ್ಲ. ಈಗ ಹೇಳಲಾ?’