ಗೆಳೆಯರ ಜೊತೆ ಪಾಳು ಕಟ್ಟಡಗಳ ಫೋಟೊ ತೆಗೆಯೋಕೆ ಎಲ್ಲಿಗೆ ಹೋಗಬಹುದು, ಏನೇನು ತಿಳಿದಿರಬೇಕು?

ನೀವು ಕೇಳಿರೋದು ಮೂರು ವಿಷಯ. ಬೆಂಗಳೂರಿನಿಂದ ನಾಲ್ಕು ಜನ ಗೆಳೆಯರು ಶನಿವಾರ, ಭಾನುವಾರ ಹೋಗಿ ಬರಬಹುದಾದ ಪಾಳು ಕಟ್ಟಡ ಯಾವುದು, ಎಂಥ ಕ್ಯಾಮೆರಾ ಬೇಕು, ರಾತ್ರಿ ಅಲ್ಲೇ ಉಳಿದು ಶೂಟ್ ಮಾಡಬಹುದಾ ಅಂತ. ನಾನೂ ನನ್ನ ಗೆಳೆಯರೂ ಕೆಲವು ವರ್ಷದಿಂದ ಇದೇ ಹುಚ್ಚಿಗೆ ಬಿದ್ದಿರೋದರಿಂದ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮೊದಲೇ ಹೇಳಿಬಿಡ್ತೀನಿ, ಹತ್ತಿಪ್ಪತ್ತು ಜಾಗದ ಪಟ್ಟಿ ನನ್ನಿಂದ ಸಿಗಲ್ಲ. ಪಟ್ಟಿ ಹಿಡಿದು ಹೊರಟವರ ಫೋಟೊ ನೋಡಿದೀನಿ. ಊರು ಬೇರೆ, ಗೋಡೆ ಬೇರೆ, ಚಿತ್ರ ಮಾತ್ರ ಒಂದೇ: ಮುರಿದ ಕಿಟಕಿ, ಅದರ ಎದುರು ಬೆನ್ನು ತೋರಿಸಿ ನಿಂತ ಒಬ್ಬ ಸ್ನೇಹಿತ. ಎರಡು ಜಾಗ ಆರಿಸಿಕೊಳ್ಳಿ. ಅವುಗಳಿಗೇ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಹೋಗಿ. ಯಾಕೆ ಅನ್ನೋದು ಶೆಟ್ಟಿಹಳ್ಳಿಗೆ ಹೋದರೆ ತಾನಾಗೇ ಗೊತ್ತಾಗುತ್ತೆ.

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ಹಿನ್ನೀರಿನ ಅಂಚಿನಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಇದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಬಂದು ನೀರು ನಿಲ್ಲಿಸಿದಾಗ ಸುತ್ತಲಿನ ಹಳ್ಳಿಗಳು ಮುಳುಗಿದವು, ಜನ ಬೇರೆ ಕಡೆ ಹೋದರು, ಚರ್ಚ್ ಅಲ್ಲೇ ಉಳಿಯಿತು. ಮಳೆ ಜೋರಾದ ವರ್ಷ ಅರ್ಧಕ್ಕರ್ಧ ನೀರೊಳಗೆ ನಿಂತಿರುತ್ತೆ, ಬೇಸಿಗೆಯಲ್ಲಿ ಒಣಗಿದ ಕೆಸರಿನ ಮೇಲೆ ನಡೆದುಕೊಂಡೇ ಒಳಗೆ ಹೋಗಬಹುದು. ಹಾಗಾಗಿ ಹೊರಡೋ ಮುಂಚೆ ಹವಾಮಾನ ನೋಡಿದರೆ ಸಾಲದು, ಜಲಾಶಯದ ಮಟ್ಟ ನೋಡಬೇಕು. ಮಳೆಗಾಲದಲ್ಲಿ ಪತ್ರಿಕೆಗಳು ದಿನಾ ಹಾಕ್ತವೆ. ಹೇಮಾವತಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಅದರ ಹತ್ತಿರ ಹತ್ತಿರ ಇದ್ದರೆ ನಿಮಗೆ ಸಿಗೋದು ನೀರಿನ ನಡುವಿನ ಚರ್ಚ್, ದಡದಿಂದಲೇ ತೆಗೀಬೇಕು. ತುಂಬಾ ಕೆಳಗಿದ್ದರೆ ಕಮಾನುಗಳ ಒಳಗಿನ ಬೆಳಕು. ಎರಡೂ ಬೇರೆ ಬೇರೆ ಕಟ್ಟಡ ಅನ್ನಿಸುವಷ್ಟು ವ್ಯತ್ಯಾಸ.

ಬೇಸಿಗೆಯಲ್ಲಿ ಹೋದಾಗ ಒಂದು ಗೋಡೆ ಹಿಡಿದು ಹತ್ತಿರದಿಂದ ನೋಡಿ. ನೀರು ಪ್ರತಿವರ್ಷ ಎಲ್ಲಿವರೆಗೆ ಏರಿತ್ತು ಅನ್ನೋದು ಗೆರೆಗೆರೆಯಾಗಿ ಅಚ್ಚಾಗಿರುತ್ತೆ. ಕೆಳಗಿನ ಭಾಗದಲ್ಲಿ ಇಟ್ಟಿಗೆಗಳ ನಡುವಿನ ಗಾರೆ ತೊಳೆದುಹೋಗಿ ಇಟ್ಟಿಗೆಯ ಮೂಲೆಗಳು ದುಂಡಗಾಗಿರುತ್ತವೆ, ಬೆರಳು ತೂರಿಸುವಷ್ಟು ಸಂದು. ಮೇಲೆ ಹೋದಂತೆ ಗಾರೆಯ ಕೆಲಸ ಇನ್ನೂ ಹಾಗೇ ಇದೆ, ಕಮಾನಿನ ಅಂಚು ಚೂಪಾಗೇ ಇದೆ. ಆ ಕಟ್ಟಡ ಯಾಕೆ ಬೀಳ್ತಿದೆ ಅನ್ನೋದು ಒಂದೇ ಫ್ರೇಮಿನಲ್ಲಿ ಸಿಗುತ್ತೆ. ನೆನೆಯೋದು, ಒಣಗೋದು, ಮತ್ತೆ ನೆನೆಯೋದು. ಇತ್ತೀಚಿನ ವರ್ಷಗಳ ಮಳೆಗೆ ಒಂದು ಭಾಗ ಕುಸಿದೂ ಹೋಗಿದೆ. ಇಡೀ ಚರ್ಚಿನ ವೈಡ್ ಶಾಟ್ ಇಂಟರ್ನೆಟ್ಟಿನಲ್ಲಿ ಸಾವಿರಾರಿವೆ, ಈ ಗೆರೆಗಳ ಫೋಟೊ ನನಗಂತೂ ಹೆಚ್ಚು ಕಂಡಿಲ್ಲ.

ಅಲ್ಲಿ ನಮಗೆ ಸಿಕ್ಕ ಅತ್ಯುಪಯುಕ್ತ ಮಾಹಿತಿ ಗೂಗಲ್ಲಿನದಲ್ಲ, ಕುರಿ ಮೇಯಿಸ್ತಿದ್ದ ಅಜ್ಜ ಒಬ್ಬರದು. ‘ಯಾವೂರ್ ಸ್ವಾಮಿ ನಿಮ್ದು?’ ಅಂತ ಶುರುಮಾಡಿ, ಟ್ರೈಪಾಡ್ ನೋಡಿ ಸರ್ವೇಯವರು ಅಂದುಕೊಂಡು, ಅಲ್ಲ ಅಂತ ಗೊತ್ತಾದ ಮೇಲೆ ನಿರಾಳವಾಗಿ, ‘ಆ ಕಡೆ ಗ್ವಾಡೆ ತಾವ ಹೋಗ್ಬ್ಯಾಡಿ, ಹೆಜ್ಜೇನ್ ಕಟ್ಟೈತೆ’ ಅಂದರು. ತಲೆಯೆತ್ತಿ ನೋಡಿದರೆ ಕಮಾನಿನ ಕೆಳಗೆ ಕರ್ರಗೆ ತೊಟ್ಟಿಲಿನಷ್ಟು ಹುಟ್ಟು. ನಾವು ನಾಲ್ವರೂ ಅದರ ಕೆಳಗೇ ಬ್ಯಾಗು ಬಿಚ್ಚೋಕೆ ಹೊರಟಿದ್ದೆವು. ಹಾವಿನ ಭಯ ಎಲ್ಲರಿಗೂ ಇರುತ್ತೆ, ಹೆಜ್ಜೇನಿನ ಭಯ ಯಾರಿಗೂ ಇರಲ್ಲ. ಎತ್ತರದ ಪಾಳು ಕಟ್ಟಡ ಅಂದರೆ ಅವಕ್ಕೆ ಬಂಡೆ ಇದ್ದ ಹಾಗೆಯೇ. ಅಲ್ಲಿ ಸೆಂಟು ಹಾಕಿಕೊಂಡು ಹೋಗೋದು, ಸಿಗರೇಟು, ಬಣ್ಣದ ಹೊಗೆ ಬಿಡೋ ಸ್ಮೋಕ್ ಬಾಂಬು, ಡ್ರೋನಿನ ಗುಂಯ್ ಸದ್ದು ಯಾವುದೂ ಬೇಡ. ಆ ಸ್ಮೋಕ್ ಬಾಂಬ್ ಫೋಟೊಗಳ ಮೇಲೆ ನನಗೆ ಬೇರೆಯೇ ಸಿಟ್ಟಿದೆ, ಅದು ಇಲ್ಲಿ ಬೇಡ.

ಎರಡನೇ ಜಾಗ ಕೆಜಿಎಫ್, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್, ಮುಚ್ಚಿಹೋದ ಚಿನ್ನದ ಗಣಿಗಳ ಊರು. ಸಿನಿಮಾದಿಂದಾಗಿ ಹೆಸರು ಕೇಳದವರಿಲ್ಲ, ಆದರೆ ಹೋಗೋರು ಸಿನಿಮಾದ್ದೇ ಚಿತ್ರ ತಲೇಲಿಟ್ಟುಕೊಂಡು ಹೋಗಿ ಪೆಚ್ಚಾಗಿ ಬರ್ತಾರೆ. ನಿಜವಾದ ಕೆಜಿಎಫ್ ಬೇರೆ ಥರ ದೊಡ್ಡದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಕಂಪನಿ ಗಣಿಗಾರಿಕೆ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು, ಬೆಂಗಳೂರಿನ ಬೀದಿಗಳಿಗಿಂತ ಮೊದಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ ಅನ್ನೋ ಅತಿಸೂಕ್ಷ್ಮ ಕಣಗಳನ್ನ ಹಿಡಿದದ್ದು ಇಲ್ಲಿನ ಗಣಿಯ ಆಳದಲ್ಲೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ನೀರೆತ್ತೋ ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು.

ಇಷ್ಟು ಓದಿಕೊಂಡು ಹೋದರೆ ಶಾಫ್ಟಿನ (ಗಣಿಗೆ ನೆಟ್ಟಗೆ ಇಳಿಯೋ ಬಾವಿಯಂಥ ಗುಂಡಿ) ಮೇಲೆ ನಿಂತಿರೋ ಕಬ್ಬಿಣದ ಗೋಪುರ, ಅಂದರೆ ಹೆಡ್‌ಗೇರ್, ಅದರ ತುದಿಯ ಚಕ್ರ ನೋಡಿದಾಗ ಕೈ ತಾನಾಗೇ ನಿಧಾನ ಆಗುತ್ತೆ. ಆ ಚಕ್ರದ ಮೇಲಿನ ಹಗ್ಗದ ತುದಿಯಲ್ಲಿ ಪಂಜರದೊಳಗೆ ನಿಂತು ದಿನಾ ಪಾಳಿಗೆ ಇಳಿದವರ ಮಕ್ಕಳು, ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ. ಬೆಳಗ್ಗೆ ಮಾರಿಕುಪ್ಪಂ ಟ್ರೈನು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ವಾಪಸಾಗೋ ಜನ ಬೇಕಾದಷ್ಟಿದ್ದಾರೆ. ನೀವೂ ಅದೇ ಟ್ರೈನಿನಲ್ಲಿ ಹೋಗಿ, ಕಾರು ಬೇಡ. ಬಂಗಾರಪೇಟೆ ದಾಟಿದ ಮೇಲೆ ಬರೋ ಸ್ಟೇಷನ್ನುಗಳ ಹೆಸರಲ್ಲೇ ಊರಿನ ಚರಿತ್ರೆ ಇದೆ: ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ.

ಕೆಜಿಎಫ್‌ನಲ್ಲಿ ಹೊರಗಿನವರು ಮಾಡೋ ಒಂದು ಕೆಲಸ ನನಗೆ ಸಹಿಸೋಕಾಗಲ್ಲ. ಕಾರ್ಮಿಕರ ಸಾಲುಮನೆಗಳಿವೆಯಲ್ಲ, ಲೈನ್ ಮನೆಗಳು. ಕೆಲವು ಸೂರು ಹಾರಿಹೋಗಿ ಖಾಲಿ ಬಿದ್ದಿವೆ, ಅದರ ಪಕ್ಕದ ಮನೆಯಲ್ಲೇ ಸಂಸಾರ ಇದೆ. ಬಾಗಿಲ ಮುಂದೆ ರಂಗೋಲಿ, ನಲ್ಲಿ ಹತ್ತಿರ ಬಿಂದಿಗೆ ಸಾಲು. ಅದನ್ನೂ ‘ಪಾಳುಬಿದ್ದ ಊರು’ ಅಂತ ಶೀರ್ಷಿಕೆ ಕೊಟ್ಟು ಹಾಕ್ತಾರೆ. ಒಮ್ಮೆ ನಮ್ಮ ಗುಂಪಿನವನೊಬ್ಬ ಅಂಥ ಒಂದು ಬಾಗಿಲಿಗೆ ಕ್ಯಾಮೆರಾ ಹಿಡಿದಾಗ ಒಳಗಿಂದ ಒಬ್ಬರು ಅಮ್ಮ ಬಂದು, ತಮಿಳು ಬೆರೆತ ಕನ್ನಡದಲ್ಲಿ, ‘ಏನಪ್ಪಾ, ನಾವು ಇನ್ನೂ ಇದೀವಿ’ ಅಂದರು. ಆಮೇಲೆ ಒಳಗೆ ಕರೆದು ಕೂರಿಸಿ ಗಂಡನ ಗಣಿ ಹೆಲ್ಮೆಟ್ ತೋರಿಸಿದರು. ಅವನು ಅದರ ಫೋಟೊ ಕೇಳಿ ತೆಗೆದ, ಆ ದಿನದ್ದರಲ್ಲಿ ಅದೊಂದೇ ಚೆನ್ನಾಗಿತ್ತು.

ಸೈನೈಡ್ ಗುಡ್ಡಗಳ ಬಗ್ಗೆ ಒಂದು ಮಾತು. ಬಂಗಾರ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿ ಅವು, ಮಳೆ ಕೊರೆದ ಸಾಲುಗಳಿಂದ ಸಂಜೆ ಬೆಳಕಿಗೆ ಅದ್ಭುತವಾಗಿ ಕಾಣ್ತವೆ. ಆದರೆ ಗಾಳಿ ಎದ್ದ ದಿನ ಆ ಧೂಳು ಕುಡಿಯೋ ಅಗತ್ಯ ಇಲ್ಲ, ದೂರದಿಂದ ಉದ್ದದ ಲೆನ್ಸಿನಲ್ಲಿ ತೆಗೀರಿ. ಶಾಫ್ಟ್‌ಗಳ ಹತ್ತಿರಕ್ಕೂ ಸುರಂಗದ ಬಾಯಿಗೂ ಖಂಡಿತ ಹೋಗಬೇಡಿ. 2020ರಲ್ಲಿ ಮುಚ್ಚಿದ ಗಣಿಯೊಂದಕ್ಕೆ ಕಳ್ಳತನಕ್ಕೆ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಆಳದಲ್ಲಿ ಗಾಳಿ ಕೆಟ್ಟಿದೆ ಅಂತ ಮೂಗಿಗೆ ಗೊತ್ತಾಗಲ್ಲ. ಕಾವಲಿನವರು ಬೇಡ ಅಂದರೆ ಅದು ದರ್ಪ ಅಂದುಕೊಳ್ಳಬೇಡಿ.

ಇನ್ನು ಚಾವಣಿ ಇರೋ ಹಳೇ ಮನೆಗಳು, ಕಾರ್ಖಾನೆಗಳು. ಇವು ಚರ್ಚಿಗಿಂತ ಅಪಾಯ, ಯಾಕಂದರೆ ನೋಡೋಕೆ ಗಟ್ಟಿಮುಟ್ಟಾಗಿರ್ತವೆ. ಮಲೆನಾಡಿನ ಬಿಟ್ಟ ಮನೆಗಳ ಅಟ್ಟ ಹತ್ತಬೇಡಿ. ತೊಲೆ ಹೊರಗಿಂದ ಬಣ್ಣ ಬಳಿದ ಹಾಗೇ ಇರುತ್ತೆ, ಒಳಗೆ ಗೆದ್ದಲು ತಿಂದು ಬರೀ ಸಿಪ್ಪೆ. ಕೋಲಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಅಲ್ಲಿಂದಲೇ ವಾಪಸ್. ಹಲಗೆ ನೆಲ ದಾಟಲೇಬೇಕಾದರೆ ಗೋಡೆಯ ಪಕ್ಕ, ತೊಲೆಯ ಮೇಲೆ ಹೆಜ್ಜೆ ಇಡಿ. ಕಲ್ಲು, ಹೆಂಚಿನ ರಾಶಿಗೆ ಕೈ ಹಾಕಬೇಡಿ, ಕೊಳಕುಮಂಡಲ ಕೂತಿದ್ದರೆ ಕಾಣೋದೇ ಇಲ್ಲ. ಬಾವಲಿ ಹಿಕ್ಕೆ ಬಿದ್ದಿರೋ ಕೋಣೆಗೆ ಎನ್-95 ಮಾಸ್ಕ್ ಇಲ್ಲದೆ ಬೇಡ.

ಕರಾವಳಿ ಕಡೆ ಹೋದರೆ ಮುಚ್ಚಿದ ಹೆಂಚಿನ ಕಾರ್ಖಾನೆಗಳನ್ನ ಹುಡುಕಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಕೆಲಸ ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣಿನಿಂದ ಬೆಳೀತು, ಕಾಂಕ್ರೀಟ್ ತಾರಸಿ ಬಂದ ಮೇಲೆ ಒಂದೊಂದೇ ಮುಚ್ಚಿದವು. ಇಟ್ಟಿಗೆ ಚಿಮಣಿ, ಹೆಂಚು ಸುಡೋ ಗೂಡು, ನೆಲದ ಮೇಲೆ ಮುದ್ರೆ ಇರೋ ಹೆಂಚಿನ ಚೂರುಗಳು. ಚೂರು ಎತ್ತಿ ಬ್ಯಾಗಿಗೆ ಹಾಕಿಕೊಳ್ಳೋ ಆಸೆ ಬರುತ್ತೆ, ಬೇಡ. ನಿಮ್ಮ ಹಿಂದೆ ಬರೋನಿಗೆ ಅದೇ ಚಿತ್ರ.

ಅನುಮತಿ ವಿಷಯ ಚಿಕ್ಕದಾಗಿ: ಮಾಲೀಕರಿಲ್ಲದ ಕಟ್ಟಡ ಅಂತ ಇರಲ್ಲ. ಎಸ್ಟೇಟು, ಟ್ರಸ್ಟು, ಸರ್ಕಾರ, ಕೋರ್ಟಲ್ಲಿ ಕಿತ್ತಾಡ್ತಿರೋ ಅಣ್ಣತಮ್ಮಂದಿರು, ಯಾರೋ ಒಬ್ಬರು ಇದ್ದೇ ಇರ್ತಾರೆ. ಅತಿಕ್ರಮ ಪ್ರವೇಶಕ್ಕೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಇದೆ. ಮನೆ, ಕಟ್ಟಡದೊಳಗೆ ಹೊಕ್ಕಿದ್ದು ಅಂತಾದರೆ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. ಕೆಟ್ಟ ಉದ್ದೇಶ ಇತ್ತು ಅಂತ ತೋರಿಸಬೇಕು ನಿಜ, ಆದರೆ ಅದನ್ನ ಠಾಣೆಯಲ್ಲಿ ಕೂತು ವಾದಿಸೋದು ಭಾನುವಾರ ಕಳೆಯೋ ರೀತಿಯಲ್ಲ. ಪಕ್ಕದ ಟೀ ಅಂಗಡಿಯಲ್ಲಿ ಕೂತು, ‘ಅಣ್ಣಾ, ಇದು ಯಾರದು?’ ಅಂತ ಕೇಳಿ. ಹತ್ತು ನಿಮಿಷದಲ್ಲಿ ಮಾಲೀಕರ ಮೂರು ತಲೆಮಾರು ಹೊರಗೆ ಬರುತ್ತೆ, ಬೀಗದ ಕೈ ಯಾರ ಹತ್ತಿರ ಅನ್ನೋದೂ ಬರುತ್ತೆ. ಹೀಗೆ ಒಳಗೆ ಹೋದಾಗ ಜೊತೆಗೆ ಬರೋ ಕಾವಲುಗಾರರ ಬಾಯಲ್ಲಿ ಸಿಗೋ ಕಥೆ ಬೇಲಿ ಹಾರಿದವರಿಗೆ ಸಿಗಲ್ಲ.

ಕ್ಯಾಮೆರಾ? ಕೈಯಲ್ಲಿರೋದು ಸಾಕು. ಹೊಸದು ತಗೊಳ್ಳೋ ದುಡ್ಡಿದ್ದರೆ ಅದರಲ್ಲಿ ಗಟ್ಟಿ ಟ್ರೈಪಾಡು, ದಪ್ಪ ಅಟ್ಟೆಯ ಶೂ, ತಲೆಗೆ ಕಟ್ಟೋ ಟಾರ್ಚು ತಗೊಳ್ಳಿ. ಪಾಳು ಕಟ್ಟಡದ ತೊಂದರೆ ಒಂದೇ, ಕಿಟಕಿಯಾಚೆ ಸುಡೋ ಬಿಸಿಲು, ಒಳಗೆ ಗವ್ವೆನ್ನೋ ಕತ್ತಲು. ಟ್ರೈಪಾಡ್ ಮೇಲಿಟ್ಟು, ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಎರಡು ಸ್ಟಾಪ್ ಕಡಿಮೆ, ಸರಿಯಾದದ್ದು, ಎರಡು ಸ್ಟಾಪ್ ಹೆಚ್ಚು (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಅಂತ ಮೂರು ಫೋಟೊ ಹೊಡೆದು ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿ ಸೇರಿಸಿ. ಸೇರಿಸುವಾಗ ಕತ್ತಲನ್ನ ಪೂರ್ತಿ ತೊಳೆದುಬಿಡಬೇಡಿ, ಕತ್ತಲು ಕತ್ತಲಾಗೇ ಇರಲಿ. ಫೋನಾದರೆ ಪರದೆಯಲ್ಲಿ ಕಾಣೋ ಕಿಟಕಿ ಮೇಲೆ ಮುಟ್ಟಿ, ಬೆಳಕು ಕಡಿಮೆಯಾಗೋ ಹಾಗೆ ಎಕ್ಸ್‌ಪೋಷರ್ ಇಳಿಸಿ. ವೈಡ್ ಲೆನ್ಸನ್ನ ಮೇಲಕ್ಕೆ ಎತ್ತಿದರೆ ಗೋಡೆಗಳು ಹಿಂದಕ್ಕೆ ಬಿದ್ದ ಹಾಗೆ ಕಾಣ್ತವೆ, ಹಿಂದೆ ಸರಿದು ಕ್ಯಾಮೆರಾ ನೆಟ್ಟಗೆ ಹಿಡೀರಿ. ಗೋಡೆಯ ಗಾರೆ ಎದ್ದು ಕಾಣಬೇಕಾದರೆ ಫ್ಲ್ಯಾಶ್ ಬೇಡ, ಗೆಳೆಯನ ಕೈಗೆ ಟಾರ್ಚು ಕೊಟ್ಟು ಗೋಡೆಗೆ ಒತ್ತಿ ಪಕ್ಕದಿಂದ ಬಿಡಿಸಿ. ಲೆನ್ಸು ಬದಲಾಯಿಸೋದಿದ್ದರೆ ಹೊರಗೆ ಬಂದು ಬದಲಾಯಿಸಿ, ಒಳಗಿನ ಧೂಳು ಸೆನ್ಸರ್ ಮೇಲೆ ಕೂತರೆ ಖರ್ಚು.

ಗೆಳೆಯರ ವಿಷಯದಲ್ಲಿ ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಕಣ್ಣಿಗೆ ಕ್ಯಾಮೆರಾ ಇದ್ದಾಗ ಕಾಲು ಎತ್ತಬಾರದು. ಫ್ರೇಮ್ ಸರಿಮಾಡೋಕೆ ಹಿಂದಕ್ಕೆ ಹೆಜ್ಜೆ ಇಡೋ ಚಾಳಿ ಎಲ್ಲರಿಗೂ ಇರುತ್ತೆ, ಹಿಂದೆ ಬಾವಿ ಇರುತ್ತೆ. ಯಾರಾದರೂ ಹಾಗೆ ಸರಿದರೆ ‘ಲೋ ಮಗಾ, ಕಾಲು!’ ಅಂತ ಇನ್ನೊಬ್ಬ ಕೂಗಬೇಕು, ಕೂಗಿದವನ ಮೇಲೆ ಯಾರೂ ಸಿಟ್ಟಾಗುವಂತಿಲ್ಲ. ಒಬ್ಬ ಸದಾ ಹೊರಗೆ, ಫೋನ್ ಸಿಗ್ನಲ್ ಇರೋ ಕಡೆ. ನಾಲ್ಕು ಜನ ಸರಿಯಾದ ಲೆಕ್ಕ. ಎಂಟು ಜನ ಆದರೆ ಅದು ಪಿಕ್‌ನಿಕ್ಕು, ಚಿಪ್ಸ್ ಪ್ಯಾಕೆಟ್ಟು ಅಲ್ಲೇ ಉಳಿಯುತ್ತೆ.

ಕಡೆಯದಾಗಿ ರಾತ್ರಿ ಉಳಿಯೋ ವಿಷಯ: ಬೇಡ. ದೆವ್ವದ ವಿಡಿಯೊ ಮಾಡೋರಿಂದ ಹಬ್ಬಿದ ಚಟ ಇದು. ಹೆಜ್ಜೇನು, ಹಾವು, ಟೊಳ್ಳು ತೊಲೆ ಎಲ್ಲವೂ ಕತ್ತಲಲ್ಲಿ ಹಾಗೇ ಇರ್ತವೆ, ನಿಮಗೆ ಕಾಣಲ್ಲ ಅಷ್ಟೇ. ಊರಿನವರಿಗೂ ಮಧ್ಯರಾತ್ರಿ ಟಾರ್ಚು ಹಿಡಿದು ಓಡಾಡೋರು ಕಳ್ಳರೇ. ನೀಲಿ ಬೆಳಕು ಬೇಕಾದರೆ ಸೂರ್ಯ ಮುಳುಗಿದ ಮೇಲೆ ಅರ್ಧಗಂಟೆ ಹೊರಗೆ, ನೀರಿನಿಂದ ದೂರ, ಟ್ರೈಪಾಡ್ ಇಟ್ಟುಕೊಂಡು ನಿಲ್ಲಿ. ಶೆಟ್ಟಿಹಳ್ಳಿಯಲ್ಲಿ ಆ ಅರ್ಧಗಂಟೆ ಸಾಕಾಗುತ್ತೆ, ಹಾಸನದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿಗೇನೂ ಬರ ಇಲ್ಲ.