ಉಗ್ರಾಣದ ಮಿಡಿ ಭರಣಿ

(ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯಾಕೆ, ವಯಸ್ಸು ಐವತ್ತು ದಾಟಿದೆ. ಯಜಮಾನರು ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ ಮಗಳು ಮನಸ್ಸಿನ ಚಿಕಿತ್ಸೆಗೆಂದು ಶಿವಮೊಗ್ಗಕ್ಕೆ, ನನ್ನ ಹತ್ತಿರ ಕರೆತಂದಳು. "ವರ್ಷಾಂತಿಕವೂ ಆಯ್ತು, ಅಮ್ಮ ಇನ್ನೂ ತೋಟಕ್ಕೆ ಇಳಿದಿಲ್ಲ." ಆಕೆ ಬಹಳ ಹೊತ್ತು ಸುಮ್ಮನಿದ್ದು, "ಉಗ್ರಾಣದಲ್ಲಿ ಒಂದು ಭರಣಿ ಉಂಟು" ಎಂದರು.

ಅದರಲ್ಲಿರುವುದು ಹೊಳೆದಂಡೆಯ ಮರದಿಂದ ಯಜಮಾನರು ತಂದ ಅಪ್ಪೆಮಿಡಿ, ಉಪ್ಪಿನಕಾಯಿಯ ಎಳೆ ಮಾವು. ಇಬ್ಬರೂ ಕೂತು, ತೊಟ್ಟು ಮುರಿಯದಂತೆ ಆರಿಸಿ ಉಪ್ಪಿಗೆ ಹಾಕಿದ್ದರು. ಆಷಾಢದ ಒಂದು ರಾತ್ರಿ ಅವರು ಎದೆಯುರಿ ಎಂದಾಗ ಈಕೆ ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕೊಟ್ಟರು. ಬೆಳಗಾಗುವಷ್ಟರಲ್ಲಿ ಅವರಿಲ್ಲ. "ಕಷಾಯ ಕೊಟ್ಟು ಕೊಂದೆ." ಈ ಮಾತನ್ನು ಅಲ್ಲಿಯವರೆಗೆ ಯಾರ ಹತ್ತಿರವೂ ಆಡಿರಲಿಲ್ಲ.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. "ಕರೆದುಕೊಂಡಿದ್ದರೆ ಸಾಕಿತ್ತು ಅನ್ನಿಸಿತ್ತು, ಅಷ್ಟೇ" ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ಆರು ತಿಂಗಳು ಮೀರಿ, ಊರ ರೂಢಿಯನ್ನೂ ಮೀರಿ, ದಿನದ ಬದುಕನ್ನೇ ಕಟ್ಟಿಹಾಕುವ, ಅಗಲಿದವರ ಹಂಬಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ದೀರ್ಘಕಾಲದ ಶೋಕವೆಂದು ಗುರುತಿಸುತ್ತದೆ. ಇವರದು ಆ ಬಗೆಯದು.

ಆ ರಾತ್ರಿಯನ್ನು ಕಣ್ಣುಮುಚ್ಚಿ, ಈಗ ನಡೆಯುತ್ತಿರುವಂತೆ ಹೇಳಿ ಎಂದೆ. ಪ್ರತಿ ಭೇಟಿಯಲ್ಲೂ ಅದನ್ನೇ. ಮೂರನೆಯ ಸಲ ಹೇಳುವಾಗ ನಡುವೆ ನಿಂತರು: "ಡಾಕ್ಟ್ರಿಗೆ ಫೋನ್ ಮಾಡ್ಲಾ ಅಂತ ಕೇಳಿದ್ದೆ. ಈ ಮಳೇಲಿ ಬೇಡ, ಮಲಗು ಅಂದ್ರು." ತಾನು ಕೇಳಿದ್ದನ್ನೇ ಆಕೆ ಮರೆತಿದ್ದರು! ಆ ರಾತ್ರಿ ಗೊತ್ತಿದ್ದದ್ದು ಯಾವುದು, ಬೆಳಿಗ್ಗೆ ಗೊತ್ತಾದದ್ದು ಯಾವುದು ಎಂದು ಬೇರೆ ಬೇರೆ ಬರೆಸಿದೆ. ಅಂದು ಮೊದಲ ಸಲ ಜೋರಾಗಿ ಅತ್ತರು. ನಾನು ತಡೆಯಲಿಲ್ಲ. ಮುಂದಿನ ವಾರ ಎದುರಿಗೆ ಖಾಲಿ ಕುರ್ಚಿ ಇಟ್ಟು, ಯಜಮಾನರಿಗೆ ಹೇಳಬೇಕಾದ್ದನ್ನು ಹೇಳಿ ಎಂದೆ. ಬೈದರು ಕೂಡ.

ತೋಟ ಇನ್ನೊಂದು ಕಷ್ಟ. ಊಟದ ಹೊತ್ತಿಗೆ ಅಲ್ಲಿಂದ ಯಜಮಾನರ "ಕೂ" ಎಂಬ ಕರೆ ಕೇಳುತ್ತಿತ್ತಂತೆ. ಮೊದಲ ವಾರ ದಣಪೆಯವರೆಗೆ, ಅಂದರೆ ತೋಟದ ಬಾಗಿಲ ಗಳುಗಳವರೆಗೆ, ಆಮೇಲೆ ಮೊದಲ ಕಾದಿಗೆಯವರೆಗೆ, ಅಂದರೆ ನೀರು ಹರಿಯುವ ಕಾಲುವೆಯವರೆಗೆ, ಮಗಳ ಜೊತೆ ಹೋಗಿಬರಲು ಹೇಳಿದೆ. ಶೋಕವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಹೇಳಿದ್ದು ನನಗೆ ನಮ್ಮ ಹಳ್ಳಿಮನೆಗಳಲ್ಲಿ ನಿಜವಾಗಿ ಕಾಣುತ್ತದೆ: ದುಃಖಿಸುವವರ ಮನಸ್ಸು ಅಗಲಿಕೆಗೂ ದಿನದ ಬದುಕಿನ ಕೆಲಸಗಳಿಗೂ ನಡುವೆ ಓಡಾಡುತ್ತಿರಬೇಕು. ದಿನಕ್ಕೆ ಅರ್ಧ ಗಂಟೆ ಅವರ ನೆನಪಿಗೆ, ಆಮೇಲೆ ಕೊಯ್ಲಿನ ಲೆಕ್ಕ.

ಮಗಳಿಗೆ ಹೇಳಿದ್ದು ಇಷ್ಟು: ಅಮ್ಮನನ್ನು ಸದ್ಯ ಬೆಂಗಳೂರಿಗೆ ಕರೆದೊಯ್ಯಬೇಡಿ, ಅಪ್ಪನ ಕಂಬಳಿ ತೆಗೆದಿಡಬೇಡಿ, ಅಪ್ಪನ ಮಾತು ಬಂದಾಗ ವಿಷಯ ಬದಲಿಸಬೇಡಿ. "ಮರೆತುಬಿಡು" ಅನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೂವತ್ತು ವರ್ಷ ಜೊತೆಗಿದ್ದವರನ್ನು ಯಾಕೆ ಮರೆಯಬೇಕು?

ಭರಣಿ ತೆರೆಯಿರಿ ಎಂದು ನಾನು ಹೇಳಿಲ್ಲ. ಕಳೆದ ಸಲ ಬಂದಾಗ, ಬಾಯಿಗೆ ಕಟ್ಟಿದ್ದ ಬಟ್ಟೆ ಬೂಸಲು ಹಿಡಿದಿತ್ತು, ಬೇರೆ ಕಟ್ಟಿದೆ ಎಂದರು. ಅವರ ಹಳೇ ಪಂಚೆ ಹರಿದು ಕಟ್ಟಿದ್ದರಂತೆ.